ಬೆಲೆಪಟ್ಟಿಯ ಪುಟದ ರೂಪದರ್ಶಿ: ಒಂದು ಕಾಯಕದ ಪರಿಚಯ

ಜವಳಿಯನ್ನು ನೇಯುವವರು ಒಬ್ಬರು, ಹೊಲಿಯುವವರು ಮತ್ತೊಬ್ಬರು, ಮಾರುವವರು ಮಗದೊಬ್ಬರು. ಇವರೆಲ್ಲರ ನಡುವೆ, ಆ ಉಡುಪನ್ನು ಕೆಲವೇ ನಿಮಿಷಗಳ ಕಾಲ ತೊಟ್ಟು ನಿಂತು, ಅದರ ಬಣ್ಣ, ಅಳತೆ, ಮೈಮೇಲೆ ಬೀಳುವ ಬಗೆ ಇವನ್ನು ದೂರದ ಗಿರಾಕಿಗೆ ತೋರಿಸಿ ಕಳಚಿಡುವವರೂ ಇದ್ದಾರೆ. ಅವರೇ ಕ್ಯಾಟಲಾಗ್ ರೂಪದರ್ಶಿಗಳು. ರೂಪದರ್ಶಿಯೆಂದೊಡನೆ ಪ್ಯಾರಿಸ್ ನಗರದ ವೇದಿಕೆಯೂ ಸೌಂದರ್ಯ ಸ್ಪರ್ಧೆಯ ಕಿರೀಟವೂ ನೆನಪಾಗುವುದು ಸಹಜ. ಆದರೆ ಈ ವೃತ್ತಿಯನ್ನು ನಂಬಿ ನಿಯತವಾಗಿ ಸಂಪಾದಿಸಿ ಸಂಸಾರ ಸಾಗಿಸಿದವರನ್ನು ಹುಡುಕಹೊರಟರೆ, ದೊಡ್ಡ ಅಂಗಡಿಗಳ ಬೆಲೆಪಟ್ಟಿಯ ಪುಟಗಳನ್ನೇ ತಿರುವಿಹಾಕಬೇಕಾಗುತ್ತದೆ. ಅವರ ಮುಖವನ್ನು ಕೋಟ್ಯಂತರ ಜನ ನೋಡಿದ್ದಾರೆ. ಹೆಸರು ಬಲ್ಲವರು ಇಲ್ಲವೆಂದರೂ ಸಲ್ಲುತ್ತದೆ.

ಕಾಯಕವನ್ನು ಅದರ ಹೆಸರು ಹಿಡಿದು ಮೇಲು ಕೀಳೆಂದು ಅಳೆಯಬಾರದೆಂಬುದು ಶರಣರ ನಿಲುವು. ಹಗ್ಗ ಹೊಸೆದ ನುಲಿಯ ಚಂದಯ್ಯ, ಬಟ್ಟೆ ಒಗೆದ ಮಡಿವಾಳ ಮಾಚಯ್ಯ, ಮಗ್ಗದ ಮುಂದೆ ಕುಳಿತ ಜೇಡರ ದಾಸಿಮಯ್ಯ ಇವರ ಸಾಲನ್ನು ಕಂಡ ನಾಡಿನಲ್ಲಿ, ಬಟ್ಟೆ ತೊಟ್ಟು ನಿಲ್ಲುವ ಕೆಲಸವನ್ನೂ ಅದೇ ಒರೆಗಲ್ಲಿಗೆ ಹಚ್ಚಿ ನೋಡುವುದು ನ್ಯಾಯ. ಅದರಲ್ಲಿ ದುಡಿಮೆಯಿದೆಯೇ, ದುಡಿಮೆಗೆ ತಕ್ಕ ಸತ್ಯಶುದ್ಧ ಹಣವಿದೆಯೇ, ದುಡಿಯುವವರ ಮಾನ ಉಳಿಯುತ್ತದೆಯೇ ಎಂಬಿವು ಕೇಳತಕ್ಕ ಪ್ರಶ್ನೆಗಳು. ಈ ಪ್ರಶ್ನೆಗಳಿಗೆ ಇಂದು ಹೆಚ್ಚಿನ ತುರ್ತು ಒದಗಿದೆ. ಶಾಲೆ ಕಾಲೇಜು ಮುಗಿಸಿ ಬೆಂಗಳೂರಿಗೆ ಹೋಗುವ ತರುಣ ತರುಣಿಯರಿಗೆ ಈ ವೃತ್ತಿಯ ಬಾಗಿಲು ಹಿಂದೆಂದಿಗಿಂತ ಹತ್ತಿರವಾಗಿದೆ. ಆ ಬಾಗಿಲಲ್ಲಿಯೇ ಕುಳಿತು ಹಣ ಕಸಿಯುವವರೂ ಅಷ್ಟೇ ಹತ್ತಿರದಲ್ಲಿದ್ದಾರೆ.

ಈ ಕಸುಬಿನ ತವರು ಅಮೆರಿಕಾ ಸಂಯುಕ್ತ ಸಂಸ್ಥಾನ. 1872ರಲ್ಲಿ ಶಿಕಾಗೋ ನಗರದ ಏರನ್ ಮಾಂಟ್ಗೊಮರಿ ವಾರ್ಡ್ ಎಂಬ ವ್ಯಾಪಾರಿ ಒಂದೇ ಹಾಳೆಯ ಬೆಲೆಪಟ್ಟಿಯನ್ನು ಅಚ್ಚು ಹಾಕಿಸಿ ಹಳ್ಳಿಯ ರೈತರಿಗೆ ಅಂಚೆಯಲ್ಲಿ ಕಳುಹಿಸಿದನು. ಊರಿನ ಏಕೈಕ ಅಂಗಡಿಯವನು ಹೇಳಿದ್ದೇ ಬೆಲೆ ಎಂಬ ಸ್ಥಿತಿಯಲ್ಲಿದ್ದ ಒಕ್ಕಲುಮಕ್ಕಳಿಗೆ ಈ ಹಾಳೆ ವರವಾಯಿತು. 1875ರಿಂದ ಆತನು ಒಪ್ಪಿಗೆಯಾಗದ ಸರಕಿಗೆ ಹಣ ಹಿಂದಿರುಗಿಸುವ ಭರವಸೆಯನ್ನೂ ಕೊಟ್ಟನು. ಗಡಿಯಾರಗಳ ವ್ಯಾಪಾರದಿಂದ 1886ರಲ್ಲಿ ಆರಂಭಿಸಿದ ರಿಚರ್ಡ್ ಸಿಯರ್ಸ್, ಆಲ್ವಾ ರೋಬಕ್ ಎಂಬ ಕುಶಲಕರ್ಮಿಯೊಡನೆ ಕೂಡಿ ಕಟ್ಟಿದ ಸಂಸ್ಥೆ 1893ರಲ್ಲಿ ಸಿಯರ್ಸ್ ರೋಬಕ್ ಎಂಬ ಹೆಸರು ತಾಳಿ, ಕೆಲವೇ ವರ್ಷಗಳಲ್ಲಿ ವಾರ್ಡನ ಎದುರು ನಿಂತಿತು. 1896ರಲ್ಲಿ ಹಳ್ಳಿಯ ಮನೆಬಾಗಿಲಿಗೆ ಉಚಿತ ಅಂಚೆ ಬಟವಾಡೆ ಆರಂಭವಾದದ್ದು, 1913ರಲ್ಲಿ ಅಂಚೆ ಪಾರ್ಸೆಲ್ ವ್ಯವಸ್ಥೆ ಬಂದದ್ದು ಈ ವ್ಯಾಪಾರಕ್ಕೆ ರೆಕ್ಕೆ ಕಟ್ಟಿದವು. ಬೆಲೆಪಟ್ಟಿ ನೂರಾರು ಪುಟಗಳ ಹೆಬ್ಬೊತ್ತಗೆಯಾಗಿ ಬೆಳೆಯಿತು. ನೇಗಿಲು, ಹೊಲಿಗೆಯಂತ್ರ, ಪಿಟೀಲು, ಕೊನೆಗೆ ಕಟ್ಟಿಕೊಳ್ಳುವ ಮನೆಯ ಸಾಮಗ್ರಿಯೂ ಅದರೊಳಗೆ ಸೇರಿದವು. 1963ರಲ್ಲಿ ಜೆ.ಸಿ. ಪೆನ್ನಿ ಸಂಸ್ಥೆಯೂ ತನ್ನ ಬೆಲೆಪಟ್ಟಿಯನ್ನು ಹೊರಡಿಸಿತು.

ಆರಂಭದ ಪುಸ್ತಕಗಳಲ್ಲಿ ಉಡುಪುಗಳಿಗೆ ರೇಖಾಚಿತ್ರಗಳಿದ್ದವು. ಚಿತ್ರಕಾರನು ಸೊಂಟವನ್ನು ತನಗೆ ತೋಚಿದಷ್ಟು ಸಣ್ಣದಾಗಿ ಬರೆಯಬಹುದಾಗಿತ್ತು. ತೊಡುವವಳ ಸೊಂಟ ಹಾಗಿರಬೇಕೆಂಬ ನಿಯಮವೇನೂ ಇರಲಿಲ್ಲ. ಛಾಯಾಚಿತ್ರ ಬಂದ ಮೇಲೆ ಆ ಸ್ವಾತಂತ್ರ್ಯ ಕುಗ್ಗಿತು. ಉಡುಪಿನೊಳಗೆ ನಿಜವಾದ ಒಬ್ಬ ಮನುಷ್ಯನು ಬೇಕಾದನು. ಹೀಗೆ ಹುಟ್ಟಿದ ಬೇಡಿಕೆಯನ್ನು ಪೂರೈಸಲು 1923ರಲ್ಲಿ ಜಾನ್ ರಾಬರ್ಟ್ ಪವರ್ಸ್ ಎಂಬಾತನು ನ್ಯೂಯಾರ್ಕಿನಲ್ಲಿ ರೂಪದರ್ಶಿಗಳ ಏಜೆನ್ಸಿಯೊಂದನ್ನು ತೆರೆದನು. 1946ರಲ್ಲಿ ಐಲೀನ್ ಮತ್ತು ಜೆರಾರ್ಡ್ ಫೋರ್ಡ್ ದಂಪತಿಗಳು ಆರಂಭಿಸಿದ ಏಜೆನ್ಸಿ ಇನ್ನೊಂದು ದೊಡ್ಡ ಸುಧಾರಣೆಯನ್ನು ತಂದಿತು. ಅಂಗಡಿಯವರು ಹಣ ಕೊಡಲು ತಿಂಗಳುಗಟ್ಟಲೆ ತಡಮಾಡುವುದು ವಾಡಿಕೆಯಾಗಿತ್ತು. ಫೋರ್ಡ್ ದಂಪತಿಗಳು, ದುಡಿದ ಗಂಟೆಗಳ ಲೆಕ್ಕಕ್ಕೆ ಸಹಿಯಾದ ಚೀಟಿಯನ್ನು ಪಡೆದು, ಅಂಗಡಿಯವರ ಹಣ ಬರುವ ಮುನ್ನವೇ ರೂಪದರ್ಶಿಗೆ ಕೂಲಿ ಪಾವತಿ ಮಾಡುವ ಪದ್ಧತಿಯನ್ನು ರೂಢಿಸಿದರು. ಕಪ್ಪು ಜನಾಂಗದ ರೂಪದರ್ಶಿಗಳಿಗೆ ಪ್ರವೇಶವೇ ದುರ್ಲಭವಾಗಿದ್ದ ಆ ದಿನಗಳಲ್ಲಿ, ಅದೇ 1946ರಲ್ಲಿ ಒಫೀಲಿಯಾ ಡಿವೋರ್ ಮೊದಲಾದವರು ಅವರಿಗಾಗಿ ಗ್ರೇಸ್ ಡೆಲ್ ಮಾರ್ಕೋ ಏಜೆನ್ಸಿಯನ್ನು ಸ್ಥಾಪಿಸಿದ್ದನ್ನೂ ಇಲ್ಲಿ ನೆನೆಯಬೇಕು.

ಬೆಲೆಪಟ್ಟಿಯ ರೂಪದರ್ಶಿಗೂ ಫ್ಯಾಷನ್ ಪತ್ರಿಕೆಯ ರೂಪದರ್ಶಿಗೂ ಇರುವ ವ್ಯತ್ಯಾಸವನ್ನು ತಿಳಿಯದೆ ಈ ವೃತ್ತಿಗೆ ಕಾಲಿಡುವವರು ನಿರಾಶರಾಗುವುದೇ ಹೆಚ್ಚು. ಪತ್ರಿಕೆಯ ಪುಟ ಒಂದು ಭಾವವನ್ನು ಹುಟ್ಟಿಸಬೇಕು. ಅಲ್ಲಿ ಉಡುಪು ಅರ್ಧ ಮರೆಯಾದರೂ ನಡೆದೀತು. ಬೆಲೆಪಟ್ಟಿಯ ಪುಟ ಒಂದು ಅಂಗಿಯನ್ನು ಮಾರಬೇಕು. ಗುಂಡಿ ಎಷ್ಟಿವೆ, ಜೇಬು ಎಲ್ಲಿದೆ, ತೋಳು ಮೊಣಕೈಯನ್ನು ದಾಟುತ್ತದೆಯೇ ಎಂಬುದು ನೋಡುವವರಿಗೆ ಸ್ಪಷ್ಟವಾಗಬೇಕು. ಹಣ ಹಿಂದಿರುಗಿಸುವ ಭರವಸೆ ಇರುವುದರಿಂದ, ಚಿತ್ರದಲ್ಲಿ ಕಂಡದ್ದಕ್ಕೂ ಮನೆಗೆ ಬಂದದ್ದಕ್ಕೂ ಅಂತರವಾದರೆ ಬಟ್ಟೆ ಮರಳಿ ಅಂಗಡಿಗೆ ಹೋಗುತ್ತದೆ. ಹೋಗುವ ಬರುವ ಖರ್ಚೆಲ್ಲ ವ್ಯಾಪಾರಿಯ ತಲೆಗೆ.

ಈ ಮರಳಿಬರುವ ಸರಕಿನ ತಲೆನೋವು ಎಷ್ಟಿತ್ತೆಂಬುದಕ್ಕೆ ಅಳತೆಗಳ ಇತಿಹಾಸವೇ ಸಾಕ್ಷಿ. ಒಂದು ಕಂಪನಿಯ 14ನೆಯ ಅಳತೆ ಮತ್ತೊಂದು ಕಂಪನಿಯ 16 ಆಗಿರುತ್ತಿತ್ತು. ಅಮೆರಿಕೆಯ ಸರ್ಕಾರ 1939 ಮತ್ತು 1940ರಲ್ಲಿ ಸುಮಾರು 15,000 ಮಹಿಳೆಯರ ಮೈಯಳತೆಗಳನ್ನು ತೆಗೆಸಿತು. ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ ಇವರ ವರದಿ 1941ರಲ್ಲಿ ಪ್ರಕಟವಾಯಿತು. ಬಿಳಿಯ ಮಹಿಳೆಯರ ಅಳತೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿದದ್ದು ಅದರ ದೊಡ್ಡ ಕುಂದು. ಯುದ್ಧಾನಂತರ ಅಂಚೆ ವ್ಯಾಪಾರಿಗಳ ಸಂಘವೇ ಮುಂದೆ ಬಂದು ಒತ್ತಾಯಿಸಿದುದರಿಂದ, ಈ ಸಾಮಗ್ರಿಯನ್ನು ಆಧರಿಸಿ 1958ರಲ್ಲಿ ಉಡುಪಿನ ಅಳತೆಗಳ ರಾಷ್ಟ್ರೀಯ ಮಾನದಂಡವೊಂದು ಹೊರಬಂದಿತು. ಜನರ ಮೈ ಆ ಕೋಷ್ಟಕಕ್ಕೆ ಒಗ್ಗಲಿಲ್ಲ. 1983ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು.

ಈ ಹಿನ್ನೆಲೆಯಿಂದ ನೋಡಿದರೆ ಕ್ಯಾಟಲಾಗ್ ರೂಪದರ್ಶಿಯ ಮೊದಲ ಅರ್ಹತೆ ಯಾವುದೆಂಬುದು ಹೊಳೆಯುತ್ತದೆ. ಸೌಂದರ್ಯಕ್ಕಿಂತ ಮಿಗಿಲಾಗಿ ಬೇಕಾದದ್ದು ಅಳತೆಯ ಸ್ಥಿರತೆ. ಅಂಗಡಿಯವರು ಮಾದರಿ ಉಡುಪುಗಳನ್ನು ಒಂದೇ ಅಳತೆಯಲ್ಲಿ ಹೊಲಿಸಿ ತಂದಿರುತ್ತಾರೆ. ಬಂದು ನಿಂತವರು ಆ ಉಡುಪಿಗೆ ಹೊಂದಬೇಕು. ಮೂರು ತಿಂಗಳ ನಂತರ ಕರೆದಾಗಲೂ ಹೊಂದಬೇಕು. ಗಂಡಸರಲ್ಲಿ ಸಾಮಾನ್ಯವಾಗಿ ಆರು ಅಡಿಯ ಆಸುಪಾಸಿನ ಎತ್ತರವನ್ನೂ 40 ಅಂಗುಲದ ಕೋಟನ್ನೂ ಕೇಳುತ್ತಾರೆ. ಹೆಂಗಸರಲ್ಲಿ ಐದಡಿ ಎಂಟು ಅಂಗುಲ, ಅದಕ್ಕೆ ಒಂದೆರಡು ಅಂಗುಲ ಹೆಚ್ಚು. ಆದರೆ ಗಿಡ್ಡ ಆಳಿನವರಿಗೆ, ಸ್ಥೂಲಕಾಯರಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಪ್ರತ್ಯೇಕ ಪುಟಗಳಿರುವುದರಿಂದ, ಪ್ಯಾರಿಸ್ಸಿನ ವೇದಿಕೆಯಲ್ಲಿ ಎಂದಿಗೂ ಸ್ಥಾನ ಸಿಗದವರಿಗೂ ಇಲ್ಲಿ ಕೆಲಸವಿದೆ. ಅರುವತ್ತು ದಾಟಿದ ಅಜ್ಜನೊಬ್ಬ ಉಣ್ಣೆಯ ಸ್ವೆಟರ್ ತೊಟ್ಟು ಹಸನ್ಮುಖದಿಂದ ನಿಂತರೆ ಆ ಪುಟ ತನ್ನ ಕೆಲಸ ಮಾಡಿತು. ಕೈಬೆರಳುಗಳನ್ನು ಮಾತ್ರ ಬಳೆ ಉಂಗುರಗಳಿಗಾಗಿ, ಪಾದಗಳನ್ನು ಮಾತ್ರ ಚಪ್ಪಲಿಗಾಗಿ ಒದಗಿಸುವವರೂ ಉಂಟು.

ಪ್ರವೇಶದ ಕ್ರಮ ನೋಡುವುದಕ್ಕೆ ಸರಳ. ಮೈಯಳತೆಗಳನ್ನು ಸುಳ್ಳು ಬೆರೆಸದೆ ಬರೆದಿಟ್ಟುಕೊಳ್ಳುವುದು ಮೊದಲನೆಯದು. ಎತ್ತರಕ್ಕೆ ಒಂದಂಗುಲ ಸೇರಿಸಿ ಬರೆದವನ ಬಣ್ಣ ಪ್ಯಾಂಟು ತೊಡಿಸಿದ ಕ್ಷಣ ಬಯಲಾಗುತ್ತದೆ. ಎರಡನೆಯ ಸಲ ಅವನನ್ನು ಕರೆಯುವವರಿಲ್ಲ. ಬಳಿಕ ಕೆಲವು ಸಾದಾ ಛಾಯಾಚಿತ್ರಗಳು: ಅಲಂಕಾರವಿಲ್ಲದ ಮುಖ, ಹಿಂದಕ್ಕೆ ಕಟ್ಟಿದ ಕೂದಲು, ಮೈಗೆ ಹತ್ತಿದ ಸರಳ ಉಡುಪು, ಕಿಟಕಿಯ ಬೆಳಕು. ಮುಂದಿನಿಂದ, ಪಕ್ಕದಿಂದ, ಆಪಾದಮಸ್ತಕ ಒಂದೊಂದು ಚಿತ್ರ ಸಾಕು. ಇವನ್ನು ಮನೆಯವರೇ ತೆಗೆಯಬಹುದು. ಬಾಡಿಗೆಯ ಸ್ಟುಡಿಯೋ, ಬಣ್ಣದ ಪರದೆ, ದುಬಾರಿ ಆಲ್ಬಂ ಇವುಗಳ ಅಗತ್ಯ ಈ ಹಂತದಲ್ಲಿ ಇಲ್ಲವೇ ಇಲ್ಲ. ಏಜೆನ್ಸಿಯವರು ನೋಡಬಯಸುವುದು ಮುಖದ ಮೂಲರೂಪವನ್ನು. ಇವನ್ನು ಏಜೆನ್ಸಿಗಳಿಗೆ ಕಳುಹಿಸಬೇಕು, ಇಲ್ಲವೇ ಅವರು ಹೊಸಬರನ್ನು ನೋಡಲೆಂದು ಗೊತ್ತುಪಡಿಸಿದ ದಿನ ಖುದ್ದಾಗಿ ಹೋಗಬೇಕು. ಹತ್ತು ಕಡೆ ಬೇಡವೆನ್ನಿಸಿಕೊಳ್ಳುವುದು ಮಾಮೂಲು. ಅವರ ಪಟ್ಟಿಯಲ್ಲಿ ಅದೇ ಬಗೆಯ ಮುಖ ಆಗಲೇ ಇದ್ದರೂ ಬೇಡವೆನ್ನುತ್ತಾರೆ. ಅದನ್ನು ಅವಮಾನವೆಂದು ಬಗೆಯಬೇಕಾಗಿಲ್ಲ.

ಆರಂಭಿಸಲು ನ್ಯೂಯಾರ್ಕಿಗೇ ಹೋಗಬೇಕೆಂಬುದು ಅಲ್ಲಿನ ಜನರಲ್ಲೂ ಇರುವ ಒಂದು ತಪ್ಪು ತಿಳಿವಳಿಕೆ. ಬೆಲೆಪಟ್ಟಿಯ ಕೆಲಸ ಅಂಗಡಿಗಳ ಮುಖ್ಯ ಕಚೇರಿಗಳ ಬೆನ್ನು ಹತ್ತಿ ಹೋಗುತ್ತದೆ. ಸಿಯರ್ಸ್ ಮತ್ತು ವಾರ್ಡ್ ಸಂಸ್ಥೆಗಳ ದೆಸೆಯಿಂದ ಶಿಕಾಗೋದಲ್ಲಿ, ನೀಮನ್ ಮಾರ್ಕಸ್ ಇದ್ದುದರಿಂದಲೂ 1980ರ ದಶಕದ ಕೊನೆಗೆ ಜೆ.ಸಿ. ಪೆನ್ನಿ ತನ್ನ ಕಚೇರಿಯನ್ನು ಟೆಕ್ಸಾಸಿಗೆ ಸ್ಥಳಾಂತರಿಸಿದುದರಿಂದಲೂ ಡಲ್ಲಾಸಿನಲ್ಲಿ, ಟಾರ್ಗೆಟ್ ಸಂಸ್ಥೆಯ ನೆಲೆಯಾದ ಮಿನಿಯಾಪೊಲಿಸಿನಲ್ಲಿ ಈ ಕಸುಬು ಬೇರುಬಿಟ್ಟಿತು. ಮನೆಯಲ್ಲಿಯೇ ಉಂಡು ಮಲಗಿ, ವಾರದಲ್ಲಿ ಒಂದೆರಡು ದಿನ ಕೆಲಸಕ್ಕೆ ಹೋಗಿ, ಉಳಿದ ದಿನ ಓದಿಕೊಂಡವರು ಅಲ್ಲಿ ಅನೇಕರು.

ಏಜೆನ್ಸಿ ಒಪ್ಪಿಕೊಂಡ ಮೇಲೆ ಕೆಲವು ಚಿತ್ರಗಳೂ ಅಳತೆಗಳೂ ಇರುವ ಒಂದು ಕಾರ್ಡು ಸಿದ್ಧವಾಗುತ್ತದೆ. ಅದನ್ನು ಹಿಡಿದು ಅಂಗಡಿಗಳವರ ಮುಂದೆ ಹಾಜರಾಗಬೇಕು. ಅಂಥ ಭೇಟಿಗಳಿಗೆ ಸಂಬಳವಿಲ್ಲ. ಕೆಲಸ ಸಿಕ್ಕ ದಿನ ಬೆಳಗ್ಗೆ ಏಳಕ್ಕೆ ಸ್ಟುಡಿಯೋ ಸೇರಿದರೆ, ಮುಖಕ್ಕೆ ಬಣ್ಣ, ತಲೆಗೂದಲ ಒಪ್ಪ, ಆಮೇಲೆ ಉಡುಪುಗಳ ಸಾಲು. ಪ್ರತಿಯೊಂದು ಉಡುಪನ್ನೂ ಬಿಸಿ ಹಬೆ ಹಾಯಿಸಿ ಸುಕ್ಕು ತೆಗೆದು ತೂಗುಹಾಕಿರುತ್ತಾರೆ. ಇಸ್ತ್ರಿಯ ಕೆಲಸದವನು ಒಂದು ಮಡಿಕೆ ಬಿಟ್ಟರೆ ಇಡೀ ತಂಡ ನಿಂತುಕೊಳ್ಳಬೇಕಾಗುತ್ತದೆ. ಆ ಕೋಣೆಯಲ್ಲಿ ನಿಜವಾದ ಯಜಮಾನ ಅವನೇ ಎಂದರೆ ಅತಿಶಯೋಕ್ತಿಯಲ್ಲ. ಸಡಿಲಾದ ಬಟ್ಟೆಯನ್ನು ಬೆನ್ನ ಹಿಂದೆ ಕ್ಲಿಪ್ಪು, ಗುಂಡುಸೂಜಿಗಳಿಂದ ಬಿಗಿದಿರುತ್ತಾರೆ. ಮುಂದಿನಿಂದ ನೋಡಿದವರಿಗೆ ಅಂಗಿ ಅಚ್ಚಿನಲ್ಲಿ ಎರೆದಂತೆ ಕಾಣುತ್ತದೆ, ಹಿಂದಿನಿಂದ ನೋಡಿದರೆ ಕ್ಲಿಪ್ಪುಗಳ ಸಾಲು. ಸವೆಯಬಾರದೆಂದು ಬೂಟಿನ ಅಟ್ಟೆಗೆ ಟೇಪು ಅಂಟಿಸುತ್ತಾರೆ. ನೆಲದ ಮೇಲೆ ಗುರುತು ಹಾಕಿದ ಜಾಗದಿಂದ ಪಾದ ಕದಲಿಸುವಂತಿಲ್ಲ. ಮುಂದೆ, ಪಕ್ಕ, ಹಿಂದೆ, ಕಾಲರಿನ ಸಮೀಪ ಚಿತ್ರ. ಮುಗಿಯಿತು, ಮುಂದಿನ ಉಡುಪು. ಹೀಗೆ ದಿನಕ್ಕೆ ಹತ್ತಾರು ಸಲ ತೊಟ್ಟು ಕಳಚಬೇಕು. ಪುಸ್ತಕ ಅಚ್ಚಾಗಲು ತಿಂಗಳುಗಳು ಹಿಡಿಯುತ್ತಿದ್ದುದರಿಂದ, ಚಳಿಗಾಲದ ದಪ್ಪ ಕೋಟುಗಳ ಚಿತ್ರ ತೆಗೆಯುವುದು ಸುಡುಬೇಸಗೆಯಲ್ಲಿ. ಪ್ರಖರ ದೀಪಗಳ ಕೆಳಗೆ, ಉಣ್ಣೆಯ ಕೋಟಿನೊಳಗೆ, ಬೆವರು ಕಾಣಿಸದಂತೆ ಮುಗುಳ್ನಗುವುದು ಸುಲಭದ ವಿದ್ಯೆಯಲ್ಲ. ಕಾಲ ತಪ್ಪದೆ ಬರುವುದು, ಶುಚಿಯಾಗಿರುವುದು, ಮೈಬಣ್ಣದ ಒಳಉಡುಪು ತರುವುದು, ಗೊಣಗದಿರುವುದು, ಇಷ್ಟನ್ನು ಪಾಲಿಸಿದವರಿಗೆ ಅಂಗಡಿಯವರು ವರ್ಷಗಟ್ಟಲೆ ಕೆಲಸ ಕೊಟ್ಟದ್ದುಂಟು.

ಇನ್ನು ಮೋಸದ ವಿಚಾರ. ಇದರ ಬಗೆ ಎಲ್ಲ ದೇಶಗಳಲ್ಲೂ ಒಂದೇ. ಬಸ್ ನಿಲ್ದಾಣದಲ್ಲೋ ಮಾಲ್‌ನಲ್ಲೋ ಒಬ್ಬಾತನು ಎದುರಾಗಿ, ಇಂಥ ಮುಖ ಸಾವಿರಕ್ಕೊಂದು ಎನ್ನುತ್ತಾನೆ. ಕಚೇರಿಗೆ ಹೋದರೆ ಗೋಡೆಯ ತುಂಬ ಚಿತ್ರಗಳು. ನೋಂದಣಿಗೆ ಇಷ್ಟು, ತರಬೇತಿಗೆ ಇಷ್ಟು, ನಮ್ಮದೇ ಛಾಯಾಗ್ರಾಹಕನಿಂದ ಆಲ್ಬಂ ಮಾಡಿಸಲು ಇಷ್ಟು ಎಂಬ ಪಟ್ಟಿ ಹೊರಬರುತ್ತದೆ. ಇಂದೇ ಕಟ್ಟಿದರೆ ರಿಯಾಯಿತಿ! ಹಣ ಕಟ್ಟಿಸಿಕೊಂಡ ಮೇಲೆ ಕೆಲಸದ ಸುದ್ದಿಯೇ ಇಲ್ಲ. ಅಮೆರಿಕೆಯ ಕೇಂದ್ರ ವಾಣಿಜ್ಯ ಆಯೋಗವು ಜನರಿಗೆ ಬಹುಕಾಲದಿಂದ ಕೊಡುತ್ತಿರುವ ಎಚ್ಚರಿಕೆಯ ತಿರುಳು ಇಷ್ಟೇ: ಪ್ರಾಮಾಣಿಕ ಏಜೆನ್ಸಿಯ ಆದಾಯ ರೂಪದರ್ಶಿಯು ದುಡಿದ ಮೇಲೆ ದೊರೆಯುವ ಕಮಿಷನ್. ದುಡಿಯುವ ಮುಂಚೆಯೇ ಹಣ ಕೇಳುವವನಿಗೆ ಆ ಹಣವೇ ವ್ಯಾಪಾರ, ಎದುರು ಕುಳಿತ ಹುಡುಗ ಅಥವಾ ಹುಡುಗಿಯೇ ಗಿರಾಕಿ. ನ್ಯೂಯಾರ್ಕ್ ರಾಜ್ಯವು 2024ರ ಡಿಸೆಂಬರಿನಲ್ಲಿ ಫ್ಯಾಷನ್ ಕಾರ್ಮಿಕರ ಕಾಯಿದೆಯನ್ನು ಅಂಗೀಕರಿಸಿ, 2025ರ ಜೂನ್ 19ರಿಂದ ಜಾರಿಗೆ ತಂದಿತು. ಅದರ ಪ್ರಕಾರ ಏಜೆನ್ಸಿಗಳು ರೂಪದರ್ಶಿಯಿಂದ ಮುಂಗಡ ಶುಲ್ಕ, ಠೇವಣಿ ಪಡೆಯುವಂತಿಲ್ಲ. ಕಮಿಷನ್ ಶೇಕಡಾ 20ನ್ನು ಮೀರುವಂತಿಲ್ಲ.

ಅದೇ ಕಾಯಿದೆಯಲ್ಲಿ ಇನ್ನೊಂದು ಅಂಶವಿದೆ. ರೂಪದರ್ಶಿಯ ಮುಖ ಮೈಗಳ ಗಣಕ ಪ್ರತಿರೂಪವನ್ನು ತಯಾರಿಸಿ ಬಳಸುವುದಕ್ಕೆ ಆಕೆಯ ಪ್ರತ್ಯೇಕ ಲಿಖಿತ ಒಪ್ಪಿಗೆ ಬೇಕು. 2023ರಲ್ಲಿ ಲೀವೈಸ್ ಕಂಪನಿಯು ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ರೂಪದರ್ಶಿಗಳನ್ನು ಪ್ರಯೋಗಿಸುವುದಾಗಿ ಪ್ರಕಟಿಸಿತು. 2025ರಲ್ಲಿ ಎಚ್ ಆ್ಯಂಡ್ ಎಂ ಸಂಸ್ಥೆಯು 30 ಮಂದಿ ರೂಪದರ್ಶಿಗಳ ಪ್ರತಿರೂಪಗಳನ್ನು ಅವರ ಒಪ್ಪಿಗೆಯಿಂದಲೇ ಮಾಡಿಸುವುದಾಗಿ ತಿಳಿಸಿತು. ಬೆಲೆಪಟ್ಟಿಯ ಸಾದಾ ಚಿತ್ರಗಳಿಗೇ ಈ ಯಂತ್ರದ ಪೆಟ್ಟು ಮೊದಲು ತಗಲುವಂತೆ ತೋರುತ್ತದೆ. ಆದುದರಿಂದ ಇಂದು ಸಹಿ ಹಾಕುವವರು, ಈ ಚಿತ್ರವನ್ನು ಎಲ್ಲಿ, ಎಷ್ಟು ಕಾಲ ಬಳಸುತ್ತೀರಿ, ಇದರಿಂದ ಬೇರೆ ಚಿತ್ರ ಹುಟ್ಟಿಸುತ್ತೀರಾ ಎಂದು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯುವುದು ಅವಶ್ಯ. ಒಪ್ಪಂದದ ಒಂದು ಪ್ರತಿ ಕೈಯಲ್ಲಿರಲೇಬೇಕು.

ಅಚ್ಚಿನ ಹೆಬ್ಬೊತ್ತಗೆಗಳ ಕಾಲ ಮುಗಿದಿದೆ. ವಾರ್ಡ್ ಸಂಸ್ಥೆಯ ಬೆಲೆಪಟ್ಟಿ 1985ರಲ್ಲಿ, ಸಿಯರ್ಸ್ ಸಂಸ್ಥೆಯದು 1993ರಲ್ಲಿ ನಿಂತುಹೋದವು. ಆದರೆ ಅವುಗಳ ಜಾಗಕ್ಕೆ ಅಂತರ್ಜಾಲದ ಮಳಿಗೆಗಳು ಬಂದಿವೆ. ಪುಟಗಳಿಗೆ ಅಲ್ಲಿ ಮಿತಿಯೇ ಇಲ್ಲ. ಕರ್ನಾಟಕಕ್ಕೆ ಈ ವೃತ್ತಿ ಬಂದದ್ದು ಆ ದಾರಿಯಿಂದ. ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ ಎರಡೂ ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಸಂಸ್ಥೆಗಳು; 2014ರಲ್ಲಿ ಮೊದಲನೆಯದು ಎರಡನೆಯದನ್ನು ಕೊಂಡುಕೊಂಡಿತು. ಜವಳಿ ಅಂಗಡಿಯಲ್ಲಿ ಸೀರೆಯ ಸೆರಗನ್ನು ಮುಟ್ಟಿ, ಬೆಳಕಿಗೆ ಹಿಡಿದು ನೋಡಿ ಕೊಳ್ಳುತ್ತಿದ್ದವರು ಈಗ ಚಿತ್ರ ನೋಡಿ ಕೊಳ್ಳುತ್ತಿದ್ದಾರೆ. ಆ ಚಿತ್ರಗಳಿಗಾಗಿ ಬೆಂಗಳೂರಿನ ಸ್ಟುಡಿಯೋಗಳಲ್ಲಿ ನಿತ್ಯವೂ ಕೆಲಸ ನಡೆಯುತ್ತದೆ.

ಇಲ್ಲಿಯ ಕೆಲಸಕ್ಕೆ ತನ್ನದೇ ಆದ ಜಾಣ್ಮೆ ಬೇಕು. ಕೋಟು ಪ್ಯಾಂಟುಗಳಿಗೆ ಸಿದ್ಧ ಅಳತೆಯುಂಟು. ಸೀರೆಗೆ ಉಡುವ ಕೈಯೇ ಅಳತೆ. ಇಳಕಲ್ ಸೀರೆಯ ಒಡಲಿನ ಹಾಸು ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೂಡು, ತೋಪುತೆನೆ ಸೆರಗಿನ ಕೆಂಪು ಬಿಳುಪಿನ ವಿನ್ಯಾಸ, ದಡಿಯ ಅಗಲ ಈ ಮೂರೂ ಒಂದೇ ಚಿತ್ರದಲ್ಲಿ ಕಾಣುವಂತೆ ಸೆರಗನ್ನು ಹರಡಿ ನಿಲ್ಲುವುದು, ಅದನ್ನು ಉಟ್ಟು ಬಲ್ಲವರಿಗೆ ಸಲೀಸು. ಧಾರವಾಡದ ಕಸೂತಿಯ ಗೋಪುರ, ತೇರು ನೆರಿಗೆಯೊಳಗೆ ಮುಚ್ಚಿಹೋಗಬಾರದೆಂಬ ತಿಳಿವು ಉತ್ತರ ಕರ್ನಾಟಕದ ಹೆಣ್ಣುಮಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಬಣ್ಣದ ವಿಷಯದಲ್ಲಿ ಮಾತ್ರ ಈ ವ್ಯಾಪಾರ ಇನ್ನೂ ಉದಾರವಾಗಿಲ್ಲ. ಸೀರೆ ಕೊಳ್ಳುವವರ ಬಣ್ಣಕ್ಕೂ ಸೀರೆ ಉಟ್ಟು ನಿಂತವರ ಬಣ್ಣಕ್ಕೂ ಇರುವ ಅಂತರ ಯಾರ ಕಣ್ಣಿಗಾದರೂ ಬೀಳುವಂಥದು.

ಶಿಕ್ಷಕರು ಗಮನಿಸಬೇಕಾದ ಮಾತು ಮಕ್ಕಳ ಉಡುಪಿನ ಪುಟಗಳದು. ಮಗು ಬೆಳೆಯುತ್ತದೆ; ಈ ವರ್ಷದ ಅಳತೆ ಮುಂದಿನ ವರ್ಷಕ್ಕಿಲ್ಲ. ಆದುದರಿಂದ ಹೊಸ ಮಕ್ಕಳ ಹುಡುಕಾಟ ನಿಲ್ಲುವುದೇ ಇಲ್ಲ, ತಂದೆತಾಯಿಗಳ ಆಸೆಯನ್ನು ಕೆರಳಿಸುವವರಿಗೂ ಬಿಡುವಿಲ್ಲ. ಅಮೆರಿಕೆಯಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಬಾಲನಟರ ಗಳಿಕೆಯನ್ನು ಕಾಯಲು 1939ರಲ್ಲಿಯೇ ಶಾಸನ ಮಾಡಿತು. ನ್ಯೂಯಾರ್ಕಿನಲ್ಲಿ ಬಾಲ ರೂಪದರ್ಶಿಗಳಿಗೆ ಬಾಲ ಕಲಾವಿದರಷ್ಟೇ ರಕ್ಷಣೆ ದೊರೆತದ್ದು 2013ರಲ್ಲಿ. ಭಾರತದಲ್ಲಿ 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯು ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದನ್ನು ನಿಷೇಧಿಸಿ, ಜಾಹೀರಾತು ಮತ್ತು ಚಲನಚಿತ್ರಗಳಲ್ಲಿ ಕಲಾವಿದರಾಗುವುದಕ್ಕೆ ಷರತ್ತುಗಳೊಡನೆ ಅವಕಾಶವಿತ್ತಿದೆ. 2017ರ ನಿಯಮಗಳ ಮೇರೆಗೆ ಮಗುವು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ; ಒಟ್ಟಿಗೆ 27 ದಿನಗಳಿಗೆ ಮೀರಿ ತೊಡಗಿಸುವಂತಿಲ್ಲ. ಚಿತ್ರ ತೆಗೆಸುವವರು ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಪಡೆಯಬೇಕು. ಶಾಲೆಯ ಪಾಠ ತಪ್ಪದಂತೆ ಏರ್ಪಾಡು ಮಾಡುವ ಹೊಣೆಯೂ ಅವರದೇ. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇಕಡಾ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅದರ ಹೆಸರಿಗೇ ನಿಗದಿತ ಠೇವಣಿಯಾಗಿ ಇಡಬೇಕು. ಆ ಹಣ ಅದಕ್ಕೆ ಸಲ್ಲುವುದು ಪ್ರಾಪ್ತ ವಯಸ್ಸಿಗೆ ಬಂದ ಮೇಲೆ. ಹಾಜರಿ ಪುಸ್ತಕದಲ್ಲಿ ವಾರಗಟ್ಟಲೆ ಗೈರು ಕಂಡುಬಂದ ಮಗು ಚಿತ್ರೀಕರಣಕ್ಕೆ ಹೋಗಿದೆಯೆಂದು ತಿಳಿದಾಗ, ಅನುಮತಿ ಪತ್ರದ ನಕಲನ್ನೂ ಠೇವಣಿಯ ರಸೀತಿಯನ್ನೂ ಪಾಲಕರಲ್ಲಿ ಕೇಳಿ ನೋಡುವುದರಿಂದ ಮುಖ್ಯೋಪಾಧ್ಯಾಯರಿಗೆ ಅರ್ಧ ವಿಷಯ ತಿಳಿದುಬರುತ್ತದೆ.